ಒಂದು ತೆನೆಯ ಸಾವಿರ ಕಾಳು

ಎಳ್ಳ ಅಮಾವಾಸ್ಯೆಯ ದಿನ ಮುಳವಾಡದ ಎರೆಹೊಲಗಳನ್ನು ಕಂಡವರು ಆ ನೋಟವನ್ನು ಸುಲಭವಾಗಿ ಮರೆಯಲಾರರು. ಬಸವನ ಬಾಗೇವಾಡಿ ಸೀಮೆಯ ಈ ಊರಿನ ಸುತ್ತ ಕಣ್ಣು ಹರಿಯುವಷ್ಟು ದೂರ ಕರಿಯ ನೆಲ. ಆ ನೆಲದ ಮೇಲೆ ಆಳೆತ್ತರಕ್ಕೆ ನಿಂತ ಹಿಂಗಾರಿ ಜೋಳ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಬಂದ ಮನೆಮಂದಿಯೆಲ್ಲ ಪೈರಿಗೆ ಪೂಜೆ ಸಲ್ಲಿಸಿ, ಚರಗ ಚೆಲ್ಲಿ, ಮರದ ನೆಳಲಿನಲ್ಲಿ ಕುಳಿತು ಊಟ ಮಾಡುವರು. ಮಕ್ಕಳು ಸಾಲುಗಳ ನಡುವೆ ಓಡಾಡುತ್ತಿರುವಾಗ ಮನೆಯ ಹಿರಿಯನ ಕಣ್ಣು ಮಾತ್ರ ಬೇರೊಂದು ಕೆಲಸದಲ್ಲಿ ತೊಡಗಿರುತ್ತದೆ. ಯಾವ ದಂಟು ಗಟ್ಟಿಯಾಗಿದೆ? ಯಾವ ತೆನೆ ತುಂಬುತ್ತಿದೆ? ಮುಂದಿನ ವರ್ಷದ ಬೀಜಕ್ಕೆ ಯಾವುದನ್ನು ಉಳಿಸಬೇಕು?

ಈ ಪ್ರಶ್ನೆ ಸಾಮಾನ್ಯವಾದುದಲ್ಲ. ವರ್ಷಕ್ಕೆ ಸುಮಾರು ೬೦೦ ಮಿಲಿಮೀಟರ್ ಮಳೆ, ಅದೂ ಹೇಳಿದ ಹೊತ್ತಿಗೆ ಬಾರದ ಮಳೆ. ಇಂತಹ ನಾಡಿನಲ್ಲಿ ಬೀಜದ ಆಯ್ಕೆ ತಪ್ಪಿದರೆ ಒಂದು ವರ್ಷದ ರೊಟ್ಟಿಯೂ, ದನಗಳ ಮೇವೂ ಕೈತಪ್ಪಿದಂತೆಯೇ. ಆದುದರಿಂದ ಸುಗ್ಗಿಯ ಕಾಲದಲ್ಲಿ ಚೆಲುವಾದ ತೆನೆಗಳನ್ನು ಬೇರೆ ತೆಗೆದು, ಒಣಗಿಸಿ, ಕಾಳು ಬಿಡಿಸಿ, ಬೂದಿ ಬೆರೆಸಿ ಗಡಿಗೆಗಳಲ್ಲಿ ಜೋಪಾನ ಮಾಡುವುದು ಮನೆಯ ಹಿರಿಯ ಹೆಣ್ಣುಮಕ್ಕಳ ಹೊಣೆಯಾಗಿತ್ತು. ತಾಯಿ ಹೇಗೋ ಮಗಳು ಹಾಗೆ ಎಂಬ ನಂಬಿಕೆಯೇ ಈ ಪದ್ಧತಿಯ ಬೆನ್ನೆಲುಬು. ಒಳ್ಳೆಯ ತೆನೆಯ ಕಾಳು ಬಿತ್ತಿದರೆ ಒಳ್ಳೆಯ ತೆನೆಯೇ ಬರುವುದು. ಎಷ್ಟೋ ತಲೆಮಾರುಗಳ ಕಾಲ ಈ ನಂಬಿಕೆ ಹುಸಿಯಾಗಲಿಲ್ಲ.

ಆದರೆ ಒಮ್ಮೆ ಹುಸಿಯಾಯಿತು. ಅದು ಏಕೆ ಹುಸಿಯಾಯಿತೆಂಬುದನ್ನು ಅರಿಯಹೊರಟರೆ ಜೋಳದ ಹೊಲದಿಂದ ಹೊರಟ ದಾರಿ ಪ್ರತಿಯೊಂದು ಮನೆಯ ತೊಟ್ಟಿಲಿನವರೆಗೂ ಬಂದು ಮುಟ್ಟುತ್ತದೆ.

ಹೊಸ ಬೀಜ ಬಂದಿತು

೧೯೬೪ರಲ್ಲಿ ಭಾರತದ ಮೊದಲ ಮಿಶ್ರತಳಿ ಜೋಳ ಬಿಡುಗಡೆಯಾಯಿತು. ಅದರ ಹೆಸರು ಸಿ.ಎಸ್.ಎಚ್.-೧. ಜನರ ಬಾಯಲ್ಲಿ ಅದು 'ಹೈಬ್ರಿಡ್ ಜೋಳ'. ಗಿಡ್ಡ ದಂಟು, ಬೇಗ ಬಲಿಯುವ ತೆನೆ, ಹೊಲದ ಈ ಬದುವಿನಿಂದ ಆ ಬದುವಿನವರೆಗೂ ಅಳೆದು ಕತ್ತರಿಸಿದಂತೆ ಒಂದೇ ಎತ್ತರದ ಪೈರು. ಗೊಬ್ಬರ ನೀರು ಸರಿಯಾಗಿ ದೊರೆತಲ್ಲಿ ನಾಟಿ ಜೋಳಕ್ಕಿಂತ ಬಹಳ ಹೆಚ್ಚಿನ ಇಳುವರಿ. ಮುಂಗಾರಿನಲ್ಲಿ ಜೋಳ ಬೆಳೆಯುವ ಪ್ರದೇಶಗಳಲ್ಲಿ ಅದು ಬೇಗನೆ ಹರಡಿತು.

ಹೊಸ ಬೀಜ ಬಂದುದು ಹೊಸ ಚೀಲದಲ್ಲಿ. ಆದರೆ ರೈತನ ಅಭ್ಯಾಸ ಹಳೆಯದು. ಇಷ್ಟು ಚೆಲುವಾದ ತೆನೆಗಳಿರುವಾಗ ಮರುವರ್ಷವೂ ಹಣ ತೆತ್ತು ಬೀಜ ಕೊಳ್ಳುವುದೇಕೆ? ಹೀಗೆಣಿಸಿ ತನ್ನ ಹೊಲದ ತೆನೆಯನ್ನೇ ಬೀಜಕ್ಕೆ ಇಟ್ಟವನು ಮರುವರ್ಷ ಬೆರಗಾಗಬೇಕಾಯಿತು. ಒಂದು ಗಿಡ ಎತ್ತರ, ಪಕ್ಕದ್ದು ಗಿಡ್ಡ. ಒಂದು ತೆನೆ ಬಲಿತು ಕೊಯ್ಲಿಗೆ ಬಂದಿದ್ದರೆ ಇನ್ನೊಂದು ಆಗತಾನೆ ಹೂವಾಡುತ್ತಿತ್ತು. ಕೆಲವು ತೆನೆಗಳಲ್ಲಿ ಪರಾಗವೇ ಇಲ್ಲ. ಬಿತ್ತಿದ್ದು ಒಂದೇ ಬಗೆಯ ಕಾಳು. ಎದ್ದುನಿಂತದ್ದು ಸಂತೆಯ ಜನಜಂಗುಳಿ!

ಬೀಜ ಕಲಬೆರಕೆಯಾಗಿರಲಿಲ್ಲ, ನೆಲವೂ ಕೆಟ್ಟಿರಲಿಲ್ಲ. ಆದ ಕೆಲಸವೆಲ್ಲ ಆದುದು ಹಿಂದಿನ ವರ್ಷ ಹೂವಿನೊಳಗೆ, ಬರಿಗಣ್ಣಿಗೆ ಕಾಣದಂತೆ. ಆ ಕೆಲಸಕ್ಕೆ ಜೀವಶಾಸ್ತ್ರಜ್ಞರು ಇಟ್ಟಿರುವ ಹೆಸರು 'ಮಿಯಾಸಿಸ್'. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಕಡಿಮೆಯಾಗುವುದು, ಕುಗ್ಗುವುದು ಎಂದರ್ಥ. ೧೯೦೫ರಲ್ಲಿ ಫಾರ್ಮರ್ ಮತ್ತು ಮೂರ್ ಎಂಬ ಇಂಗ್ಲೆಂಡಿನ ವಿಜ್ಞಾನಿಗಳು ಈ ಪದವನ್ನು ಬಳಕೆಗೆ ತಂದರು.

ಅರ್ಧವಾಗುವ ಲೆಕ್ಕ

ಗಿಡವಾಗಲಿ, ಪ್ರಾಣಿಯಾಗಲಿ, ಜೀವಿಯ ಮೈಯೆಲ್ಲ ಜೀವಕೋಶಗಳಿಂದ ಆದುದು. ಪ್ರತಿಯೊಂದು ಕೋಶದ ಕೇಂದ್ರದಲ್ಲಿಯೂ ಎಳೆಯಂತಹ ಕೆಲವು ವಸ್ತುಗಳಿರುತ್ತವೆ. ಬಣ್ಣ ಹಾಕಿದಾಗ ಸೂಕ್ಷ್ಮದರ್ಶಕದಲ್ಲಿ ಎದ್ದು ಕಾಣುವುದರಿಂದ ಅವಕ್ಕೆ ವರ್ಣತಂತುಗಳೆಂದು ಹೆಸರು. ಎತ್ತರವಿರಬೇಕೆ ಗಿಡ್ಡವಿರಬೇಕೆ, ಕಾಳು ಬಿಳಿಯೆ ಕೆಂಪೆ, ಬೇಗ ಬಲಿಯಬೇಕೆ ತಡವಾಗಿಯೆ ಎಂಬ ಆದೇಶಗಳೆಲ್ಲ ಈ ತಂತುಗಳ ಮೇಲೆ ಸಾಲಾಗಿ ಬರೆದಿಟ್ಟಂತೆ ಇರುತ್ತವೆ. ಒಂದೊಂದು ಆದೇಶವೂ ಒಂದೊಂದು ವಂಶವಾಹಿ.

ಜೋಳದ ಕೋಶದಲ್ಲಿರುವ ವರ್ಣತಂತುಗಳು ಇಪ್ಪತ್ತು. ಎಂದರೆ ಹತ್ತು ಜೊತೆ. ಪ್ರತಿ ಜೊತೆಯಲ್ಲಿ ಒಂದು ತಾಯಿಯ ಕಡೆಯಿಂದ ಬಂದುದು, ಇನ್ನೊಂದು ತಂದೆಯ ಕಡೆಯಿಂದ ಬಂದುದು. ಗಿಡ ಬೆಳೆಯುವಾಗ ಕೋಶಗಳು ಒಡೆದು ಎರಡಾಗುತ್ತಲೇ ಇರುತ್ತವೆ. ಆಗ ಇಪ್ಪತ್ತು ತಂತುಗಳಿಗೂ ನಕಲು ತಯಾರಾಗಿ ಮರಿಕೋಶಗಳೆರಡಕ್ಕೂ ಇಪ್ಪತ್ತಿಪ್ಪತ್ತು ದೊರೆಯುತ್ತವೆ. ಬೇರಿನಲ್ಲಿಯೂ, ಎಲೆಯಲ್ಲಿಯೂ, ದಂಟಿನಲ್ಲಿಯೂ ನಡೆಯುವುದು ಇದೇ.

ಆದರೆ ಮುಂದಿನ ಪೀಳಿಗೆಯ ಹೊತ್ತು ಬಂದಾಗ ಈ ಲೆಕ್ಕ ಸಾಗದು. ತಂದೆಯಿಂದ ಇಪ್ಪತ್ತು, ತಾಯಿಯಿಂದ ಇಪ್ಪತ್ತು ಬಂದರೆ ಮಗುವಿಗೆ ನಲವತ್ತಾಯಿತು, ಮೊಮ್ಮಗುವಿಗೆ ಎಂಬತ್ತು! ಹತ್ತು ಪೀಳಿಗೆ ಕಳೆಯುವಷ್ಟರಲ್ಲಿ ಕೋಶ ಬಿರಿದುಹೋಗಬೇಕು. ಹಾಗಾಗದಿರುವುದರಿಂದ ಎಲ್ಲಿಯೋ ಒಂದೆಡೆ ಸಂಖ್ಯೆ ಅರ್ಧಕ್ಕಿಳಿಯಲೇಬೇಕು. ೧೮೮೩ರಲ್ಲಿ ಬೆಲ್ಜಿಯಮ್ಮಿನ ಎಡ್ವರ್ಡ್ ವ್ಯಾನ್ ಬೆನೆಡೆನ್ ಎಂಬವರು ಕುದುರೆಯ ಕರುಳಿನ ಜಂತುವೊಂದನ್ನು ಪರೀಕ್ಷಿಸಿ, ಅಂಡಾಣು ವೀರ್ಯಾಣುಗಳಲ್ಲಿ ತಂತುಗಳು ಮೈಕೋಶದ ಅರ್ಧದಷ್ಟೇ ಇರುವುದನ್ನು ಕಂಡರು. ಜರ್ಮನಿಯ ಆಗಸ್ಟ್ ವೈಸ್‌ಮನ್ ಎಂಬವರು ಇಂತಹ ಅರ್ಧೀಕರಣ ಪ್ರತಿ ಪೀಳಿಗೆಯಲ್ಲಿಯೂ ನಡೆಯಲೇಬೇಕೆಂದು ೧೮೮೭ರಲ್ಲಿ ತರ್ಕಿಸಿದರು.

ಈ ಅರ್ಧೀಕರಣವೇ ಮಿಯಾಸಿಸ್. ಜೋಳದ ಹೂವಿನ ಪರಾಗಕೋಶದಲ್ಲಿ ತಂತುಗಳ ನಕಲು ಒಮ್ಮೆ ಮಾತ್ರ ನಡೆಯುತ್ತದೆ. ಕೋಶದ ವಿಭಜನೆ ಎರಡು ಸಲ. ಒಂದು ಕೋಶ ನಾಲ್ಕು ಪರಾಗಕಣಗಳಾಗುತ್ತದೆ. ಒಂದೊಂದರಲ್ಲಿಯೂ ಹತ್ತೇ ವರ್ಣತಂತುಗಳು, ಪ್ರತಿ ಜೊತೆಯಿಂದ ಒಂದರಂತೆ. ಹೂವಿನ ಅಂಡಾಶಯದಲ್ಲಿಯೂ ಹೀಗೆಯೇ ನಾಲ್ಕು ಕೋಶಗಳಾಗುತ್ತವೆ. ಆದರೆ ಮೂರು ನಶಿಸಿ ಒಂದು ಮಾತ್ರ ಮುಂದುವರಿದು ಅಂಡಕ್ಕೆ ಮೂಲವಾಗುತ್ತದೆ. ಪರಾಗದ ಹತ್ತು, ಅಂಡದ ಹತ್ತು ಕೂಡಿದಾಗ ಮತ್ತೆ ಇಪ್ಪತ್ತು. ಲೆಕ್ಕ ಸರಿಯಾಯಿತು.

ಲೆಕ್ಕ ಸರಿಯಾಯಿತೇನೋ ನಿಜ. ಆದರೆ ಈ ಹಂಚಿಕೆಯ ಹೊತ್ತಿನಲ್ಲಿಯೇ ಪ್ರಕೃತಿ ತನ್ನ ಆಟವನ್ನು ಆಡಿರುತ್ತದೆ.

ಎರಡು ಬಗೆಯ ಕಲೆಸಾಟ

ಹತ್ತು ಜೊತೆ ಬಳೆಗಳಿವೆಯೆಂದು ಭಾವಿಸಬಹುದು. ಪ್ರತಿ ಜೊತೆಯಲ್ಲಿ ಒಂದು ತಾಯಿಯ ಮನೆಯದು, ಒಂದು ತಂದೆಯ ಮನೆಯದು. ಪ್ರತಿ ಜೊತೆಯಿಂದಲೂ ಒಂದನ್ನು ಕಣ್ಣುಮುಚ್ಚಿ ಎತ್ತಿಕೊಳ್ಳಬೇಕು. ಮೊದಲನೆಯ ಜೊತೆಯಲ್ಲಿ ತಾಯಿಯ ಬಳೆ ಕೈಗೆ ಬಂದರೆ ಎರಡನೆಯದರಲ್ಲಿಯೂ ತಾಯಿಯದೇ ಬರಬೇಕೆಂಬ ಕಟ್ಟಿಲ್ಲ. ಒಂದು ಜೊತೆಗೆ ಎರಡು ದಾರಿ, ಎರಡು ಜೊತೆಗೆ ನಾಲ್ಕು, ಮೂರಕ್ಕೆ ಎಂಟು. ಹೀಗೆ ದ್ವಿಗುಣಿಸುತ್ತ ಹೋದರೆ ಹತ್ತು ಜೊತೆಗೆ ೧,೦೨೪ ದಾರಿಗಳಾಗುತ್ತವೆ. ಒಂದೇ ಗಿಡ ೧,೦೨೪ ಬಗೆಯ ಪರಾಗವನ್ನು ಹುಟ್ಟಿಸಬಲ್ಲದು. ಅಷ್ಟೇ ಬಗೆಯ ಅಂಡಗಳನ್ನೂ ಹುಟ್ಟಿಸಬಲ್ಲದು. ಆ ಪರಾಗ ಈ ಅಂಡಗಳೊಡನೆ ಕೂಡುವ ಬಗೆಗಳು ೧೦,೪೮,೫೭೬! ವರ್ಣತಂತುಗಳ ಈ ಹಂಚಿಕೆಯೇ ಅನುವಂಶಿಕತೆಯ ನಿಯಮಗಳಿಗೆ ಆಧಾರವೆಂಬುದನ್ನು ೧೯೦೨-೦೩ರಲ್ಲಿ ಅಮೆರಿಕದ ವಾಲ್ಟರ್ ಸಟನ್ ಎಂಬ ತರುಣನು ಮಿಡತೆಯ ಕೋಶಗಳನ್ನು ನೋಡಿ ತೋರಿಸಿಕೊಟ್ಟನು. ಬ್ರನೋ ಪಟ್ಟಣದ ಮಠವೊಂದರ ತೋಟದಲ್ಲಿ ಬಟಾಣಿ ಬೆಳೆದು ಗ್ರೆಗರ್ ಮೆಂಡೆಲ್ ಆ ನಿಯಮಗಳನ್ನು ಪ್ರಕಟಿಸಿದ್ದುದು ೧೮೬೬ರಲ್ಲಿ. ಮೂವತ್ತನಾಲ್ಕು ವರ್ಷಗಳ ಕಾಲ ಅವುಗಳ ಬೆಲೆಯನ್ನು ಜಗತ್ತು ಅರಿಯಲಿಲ್ಲ. ೧೯೦೦ರಲ್ಲಿ ಅವು ಮತ್ತೆ ಬೆಳಕಿಗೆ ಬಂದವು.

ಇದು ಮೊದಲನೆಯ ಕಲೆಸಾಟ. ಎರಡನೆಯದು ಇನ್ನೂ ಸೋಜಿಗದ್ದು. ಬೇರೆಯಾಗುವ ಮುನ್ನ ಜೊತೆಯ ಎರಡು ತಂತುಗಳೂ ಉದ್ದಕ್ಕೂ ಒಂದಕ್ಕೊಂದು ಒತ್ತಿಕೊಂಡು ಮಲಗುತ್ತವೆ. ಆಗ ಅಲ್ಲಲ್ಲಿ ಎರಡೂ ತುಂಡಾಗಿ, ಇದರ ತುಂಡು ಅದಕ್ಕೂ ಅದರ ತುಂಡು ಇದಕ್ಕೂ ಬೆಸೆದುಕೊಳ್ಳುತ್ತವೆ. ಇಳಕಲ್ ಸೀರೆಯನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಅಲ್ಲಿ ಒಡಲಿನ ಎಳೆಗಳೇ ಬೇರೆ, ಸೆರಗಿನ ಎಳೆಗಳೇ ಬೇರೆ. ನೇಕಾರನು ಒಂದೊಂದು ಎಳೆಯನ್ನೂ ಕೊಂಡಿ ಹಾಕಿ ಸೇರಿಸಿದಾಗ ಎರಡೂ ಒಂದೇ ಬಟ್ಟೆಯಾಗಿ ಮುಂದುವರಿಯುತ್ತವೆ. ಸೇರಿದ ಜಾಗವನ್ನು ಹುಡುಕಿ ನೋಡಬೇಕು. ವರ್ಣತಂತುವೂ ಹಾಗೆಯೇ. ಅಜ್ಜನ ಬಣ್ಣದ ಒಡಲಿಗೆ ಅಜ್ಜಿಯ ಬಣ್ಣದ ಸೆರಗು ಸೇರಿ, ಹಿಂದೆಂದೂ ಇಲ್ಲದಿದ್ದ ಹೊಸ ತಂತುವೊಂದು ತಯಾರಾಗುತ್ತದೆ. ಇದನ್ನು ಅಡ್ಡಹಾಯುವಿಕೆ ಎನ್ನುವರು. ಬೆಲ್ಜಿಯಮ್ಮಿನ ಯಾನ್ಸೆನ್ಸ್ ೧೯೦೯ರಲ್ಲಿ ಇದರ ಸುಳಿವನ್ನು ಕೊಟ್ಟರು. ೧೯೩೧ರಲ್ಲಿ ಹ್ಯಾರಿಯೆಟ್ ಕ್ರೇಟನ್ ಮತ್ತು ಬಾರ್ಬರಾ ಮೆಕ್ಲಿಂಟಾಕ್ ಎಂಬ ಇಬ್ಬರು ಮಹಿಳೆಯರು ಅಮೆರಿಕದಲ್ಲಿ ಮೆಕ್ಕೆಜೋಳದ ಮೇಲೆ ಪ್ರಯೋಗ ನಡೆಸಿ, ತಂತುವಿನ ತುಂಡು ಅದಲುಬದಲಾದಾಗಲೇ ಗುಣಗಳೂ ಅದಲುಬದಲಾಗುವುದನ್ನು ಕಣ್ಣಾರೆ ತೋರಿಸಿದರು.

ಅಡ್ಡಹಾಯುವಿಕೆ ಎಲ್ಲಿ ನಡೆಯುವುದೆಂಬುದು ಪ್ರತಿ ಸಲವೂ ಬೇರೆ. ಆದುದರಿಂದ ೧,೦೨೪ ಎಂಬುದು ಬರಿಯ ಆರಂಭದ ಸಂಖ್ಯೆ. ನಿಜವಾದ ಬಗೆಗಳಿಗೆ ಎಣಿಕೆಯೇ ಇಲ್ಲ.

ಸಾವಿರಕ್ಕೊಂದು

ಈಗ ಹೈಬ್ರಿಡ್ ಜೋಳದ ಒಗಟು ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಸಿ.ಎಸ್.ಎಚ್.-೧ ಎಂಬುದು ಎರಡು ಬೇರೆ ಬೇರೆ ತಳಿಗಳ ಕೂಸು. ಜೋಳದ ಹೂವಿನಲ್ಲಿ ಗಂಡುಭಾಗ ಹೆಣ್ಣುಭಾಗಗಳೆರಡೂ ಒಟ್ಟಿಗೇ ಇರುವುದರಿಂದ ಅದು ಸಾಮಾನ್ಯವಾಗಿ ತನ್ನ ಪರಾಗದಿಂದ ತಾನೇ ಕಾಳು ಕಟ್ಟುತ್ತದೆ. ಸಣ್ಣ ಹೂಗಳನ್ನು ಒಂದೊಂದಾಗಿ ಬಿಡಿಸಿ ಗಂಡುಭಾಗವನ್ನು ಕಿತ್ತು ಎಕರೆಗಟ್ಟಲೆ ಮಿಶ್ರಬೀಜ ತಯಾರಿಸುವುದು ಆಗದ ಮಾತು. ೧೯೫೪ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಸ್ಟೀಫನ್ಸ್ ಮತ್ತು ಹಾಲೆಂಡ್ ಎಂಬವರು ಸಫಲ ಪರಾಗವೇ ಹುಟ್ಟದ ಜೋಳದ ತಳಿಯೊಂದನ್ನು ಪಡೆಯುವ ಬಗೆಯನ್ನು ಪ್ರಕಟಿಸಿದ ಮೇಲೆ ದಾರಿ ತೆರೆಯಿತು. ಅಂತಹ ತಳಿಯನ್ನು ತಾಯಿಯಾಗಿಟ್ಟು, ಪಕ್ಕದ ಸಾಲಿನಲ್ಲಿ ತಂದೆಯ ತಳಿಯನ್ನು ಬೆಳೆದರೆ ಗಾಳಿಯೇ ಉಳಿದ ಕೆಲಸವನ್ನು ಮಾಡುತ್ತದೆ.

ತಾಯಿಯದು ಶುದ್ಧ ತಳಿ, ತಂದೆಯದೂ ಶುದ್ಧ ತಳಿ. ಆದುದರಿಂದ ಕೂಸುಗಳೆಲ್ಲವೂ ಒಂದೇ ಅಚ್ಚು. ಪ್ರತಿ ಗಿಡಕ್ಕೂ ತಾಯಿಯ ಹತ್ತು ತಂತು, ತಂದೆಯ ಹತ್ತು ತಂತು. ಹೊಲವೆಲ್ಲ ಸಮನಾಗಿ ಕಂಡುದು ಇದರಿಂದಲೇ. ಆದರೆ ಆ ಸಮನಾದ ಗಿಡಗಳು ಹೂಬಿಟ್ಟಾಗ ಮಿಯಾಸಿಸ್ ಬಂದು ಬಳೆಗಳನ್ನೆಲ್ಲ ಕಲೆಸಿಬಿಟ್ಟಿತು. ತಾಯಿಯ ಎತ್ತರಕ್ಕೆ ತಂದೆಯ ಕಾಳು, ತಂದೆಯ ದಂಟಿಗೆ ತಾಯಿಯ ತೆನೆ. ಹೀಗೆ ನೂರು ಜೋಡಣೆ.

ಒಂದು ಚಿಕ್ಕ ಲೆಕ್ಕ ಈ ಮಾತನ್ನು ಸ್ಪಷ್ಟಪಡಿಸುತ್ತದೆ. ಒಂದೊಂದು ತಂತುವಿನಿಂದ ಒಂದೊಂದೇ ವಂಶವಾಹಿಯನ್ನು ಆರಿಸಿ ನೋಡಿದರೆ, ಮರುವರ್ಷದ ಕಾಳಿನಲ್ಲಿ ಮೊದಲಿನಂತೆಯೇ ತಾಯಿಯದೊಂದು ತಂದೆಯದೊಂದು ಕೂಡಿಬರುವ ಸಂಭವ ಅರ್ಧ. ಹತ್ತೂ ಜೊತೆಗಳಲ್ಲಿ ಒಮ್ಮೆಗೇ ಹಾಗೆ ಕೂಡಿಬರುವ ಸಂಭವ ೧,೦೨೪ರಲ್ಲಿ ಒಂದು. ದೊಡ್ಡ ತೆನೆಯೊಂದರಲ್ಲಿ ಸಾವಿರಕ್ಕೂ ಮೇಲ್ಪಟ್ಟು ಕಾಳುಗಳಿರುತ್ತವೆ. ಎಂದರೆ ಆ ಚೆಲುವಾದ ತೆನೆಯ ಸಾವಿರ ಕಾಳುಗಳಲ್ಲಿ ಹೆತ್ತ ಗಿಡದ ಜೋಡಣೆಯನ್ನೇ ಹೊತ್ತುದು ಸರಾಸರಿ ಒಂದೇ ಒಂದು! ಅದು ಯಾವುದೆಂದು ಹೊರಗಿನಿಂದ ಗುರುತಿಸುವುದಂತೂ ಆಗದು. ಮಿಶ್ರತಳಿಯ ಬೀಜವನ್ನು ಪ್ರತಿ ವರ್ಷ ಹೊಸದಾಗಿ ಕೊಳ್ಳಬೇಕೆಂಬ ಮಾತಿನ ಹಿಂದಿರುವುದು ಈ ಲೆಕ್ಕ. ಧಾರವಾಡದಲ್ಲಿ ಬಿ. ಎಚ್. ಕಟರಕಿಯವರು ರೂಪಿಸಿದ, ೧೯೭೨ರಲ್ಲಿ ಬಿಡುಗಡೆಯಾದ 'ವರಲಕ್ಷ್ಮಿ' ಎಂಬ ಹೆಸರಾಂತ ಮಿಶ್ರತಳಿ ಹತ್ತಿಯ ಬೀಜಕ್ಕೂ ಇದೇ ನಿಯಮ.

ಮಾಲ್ದಂಡಿಯ ನಿಷ್ಠೆ

ಹಾಗಾದರೆ ಅಜ್ಜಿಯ ಗಡಿಗೆಯ ಬೀಜ ಏಕೆ ಕೈಕೊಡುತ್ತಿರಲಿಲ್ಲ? ಅದರ ಹೂವಿನಲ್ಲಿ ಮಿಯಾಸಿಸ್ ನಡೆಯುತ್ತಿರಲಿಲ್ಲವೆ?

ಖಂಡಿತವಾಗಿಯೂ ನಡೆಯುತ್ತಿತ್ತು. ಆದರೆ ತನ್ನ ಪರಾಗದಿಂದ ತಾನೇ ಕಾಳು ಕಟ್ಟುವ ಗಿಡದಲ್ಲಿ ಪೀಳಿಗೆಯಿಂದ ಪೀಳಿಗೆಗೆ ಜೊತೆಗಳ ನಡುವಣ ಭೇದ ಅರ್ಧರ್ಧವಾಗಿ ಕರಗುತ್ತ ಹೋಗುತ್ತದೆ. ಏಳು ಪೀಳಿಗೆ ಕಳೆದರೆ ಉಳಿಯುವುದು ೧೨೮ರಲ್ಲಿ ಒಂದು ಪಾಲು ಮಾತ್ರ. ಆಗ ಜೊತೆಯ ಎರಡು ಬಳೆಗಳೂ ಒಂದೇ ಬಣ್ಣದವಾಗಿರುತ್ತವೆ. ಯಾವುದನ್ನು ಎತ್ತಿಕೊಂಡರೇನು? ಕಲೆಸಾಟ ನಡೆಯುತ್ತದೆ; ಫಲ ಬದಲಾಗದು. ಹೊಸ ತಳಿಯನ್ನು ರೂಪಿಸುವ ವಿಜ್ಞಾನಿಗಳು ಒಂದು ಸಂಕರವನ್ನು ಮಾಡಿದ ಮೇಲೆ ಏಳೆಂಟು ಪೀಳಿಗೆ ಸಹನೆಯಿಂದ ಕಾಯುವುದೂ ಇದಕ್ಕಾಗಿಯೇ.

ಮುಳವಾಡದಂತಹ ಊರುಗಳ ಹಿಂಗಾರಿ ಹೊಲಗಳನ್ನು ಬಹುಕಾಲದಿಂದ ಆಳಿಕೊಂಡು ಬಂದಿರುವ 'ಮಾಲ್ದಂಡಿ' ಜೋಳ ಇಂತಹ ನಿಷ್ಠಾವಂತ ತಳಿ. ಇಂದು ಬೀಜದ ಚೀಲಗಳ ಮೇಲೆ ಕಾಣುವ ಎಂ ೩೫-೧ ಎಂಬುದು, ೧೯೩೦ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ರೈತರ ಮಾಲ್ದಂಡಿಯಿಂದಲೇ ಆರಿಸಿ ಶುದ್ಧಗೊಳಿಸಿದ ತಳಿ. ಮಿಶ್ರತಳಿಗಳು ಮುಂಗಾರನ್ನು ಗೆದ್ದರೂ ಹಿಂಗಾರಿನಲ್ಲಿ ಮಾಲ್ದಂಡಿಯನ್ನು ಕದಲಿಸಲಾರದೆ ಹೋದವು. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿತ್ತಿದ ಮೇಲೆ ಮಳೆ ಬರುವುದೆಂಬ ಭರವಸೆಯಿಲ್ಲ. ಕರಿನೆಲ ಹಿಡಿದಿಟ್ಟ ತೇವವೊಂದರಿಂದಲೇ ತೆನೆ ತುಂಬಬೇಕು. ಆ ಪರೀಕ್ಷೆಯಲ್ಲಿ ಮಾಲ್ದಂಡಿ ಪಾಸಾಗುತ್ತದೆ. ಮೇಲಾಗಿ ಅದರ ಮುತ್ತಿನಂತಹ ಕಾಳಿನ ರೊಟ್ಟಿ ರುಚಿ, ದಂಟು ದನಗಳಿಗೆ ಪ್ರಿಯ.

ಆದರೆ ನಿಷ್ಠೆಗೂ ಒಂದು ಬೆಲೆಯುಂಟು. ಊರೆಲ್ಲ ಒಂದೇ ಅಚ್ಚಿನ ಗಿಡವಾದರೆ, ಆ ಅಚ್ಚಿಗೆ ಒಗ್ಗದ ರೋಗವೋ ಬರಗಾಲವೋ ಬಂದಾಗ ಊರೆಲ್ಲ ಒಮ್ಮೆಗೇ ಸೋಲುವುದು. ಹಳೆಯ ಕಾಲದ ಹೊಲದಲ್ಲಿ ಹೊರಗಿನಿಂದ ಒಂದೇ ಬಗೆಯಾಗಿ ಕಂಡರೂ ಒಳಗೆ ಹಲವು ಎಳೆಗಳಿದ್ದವು. ಜೋಳ ಸ್ವಪರಾಗಿಯಾದರೂ ಗಾಳಿಯಲ್ಲಿ ತೇಲಿಬಂದ ನೆರೆಯವನ ಪರಾಗ ಅಲ್ಲೊಂದು ಇಲ್ಲೊಂದು ಕಾಳನ್ನು ಕಟ್ಟಿಸುತ್ತದೆ. ಆ ಒಂದು ಕಾಳಿನ ಗಿಡದಲ್ಲಿ ಮಿಯಾಸಿಸ್ ಮತ್ತೆ ಬಳೆಗಳನ್ನು ಕಲೆಸುತ್ತದೆ. ಹೊಸ ಜೋಡಣೆಗಳು ಹುಟ್ಟುತ್ತವೆ. ಬರದ ವರ್ಷದಲ್ಲಿ ಹೊಲವೆಲ್ಲ ಬಾಡಿ, ಎಲ್ಲಿಯೋ ಒಂದು ಗಿಡ ಹಸಿರಾಗಿ ನಿಂತಿದ್ದರೆ, ಅದನ್ನು ಕಂಡು ಬೀಜಕ್ಕೆ ತೆಗೆದಿಟ್ಟ ರೈತನೇ ಈ ನಾಡಿನ ಮೊದಲನೆಯ ತಳಿವಿಜ್ಞಾನಿ.

ಆ ಕೆಲಸ ಇಂದು ವಿಜಯಪುರದ ಬಳಿಯ ಹಿಟ್ನಳ್ಳಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಶಾಸ್ತ್ರೀಯವಾಗಿ ಮುಂದುವರಿದಿದೆ. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯಕ್ಕೆ ಸೇರಿದ ಆ ಕೇಂದ್ರದಿಂದ ಬಿ.ಜೆ.ವಿ.-೪೪ರಂತಹ ಹಿಂಗಾರಿ ತಳಿಗಳು ಹೊರಬಂದಿವೆ. ಇವು ಮಿಶ್ರತಳಿಗಳಲ್ಲ, ಶುದ್ಧ ತಳಿಗಳು. ರೈತನು ತನ್ನ ಬೀಜವನ್ನು ತಾನೇ ಇಟ್ಟುಕೊಳ್ಳಬಹುದು. ಹೈದರಾಬಾದಿನ ಸಮೀಪದ ಪಟಾನ್‌ಚೆರುವಿನಲ್ಲಿ ೧೯೭೨ರಲ್ಲಿ ಸ್ಥಾಪಿತವಾದ ಇಕ್ರಿಸಾಟ್ ಸಂಸ್ಥೆಯ ಶೀತಲ ಕೋಣೆಗಳಲ್ಲಿ ಜಗತ್ತಿನ ನಾನಾ ಮೂಲೆಗಳಿಂದ ತಂದ ಹತ್ತಾರು ಸಾವಿರ ಜೋಳದ ಮಾದರಿಗಳನ್ನು ಕಾಪಾಡಲಾಗಿದೆ. ಮಿಯಾಸಿಸ್ ಕಲೆಸಬಲ್ಲದೇ ಹೊರತು ಇಲ್ಲದ ಬಳೆಯನ್ನು ತರಲಾರದು. ಒಮ್ಮೆ ಕಳೆದುಹೋದ ನಾಟಿತಳಿಯನ್ನು ಯಾವ ಪ್ರಯೋಗಾಲಯವೂ ಮರಳಿ ಕೊಡಲಾರದು.

ಕಲೆಸಾಟಕ್ಕೆ ಒಲ್ಲದ ಲಿಂಬೆ

ಇದೇ ಸೀಮೆಯ ಇಂಡಿಯಲ್ಲಿ ಮಿಯಾಸಿಸ್ಸನ್ನು ಪಕ್ಕಕ್ಕೆ ಸರಿಸಿದ ಸಸ್ಯವೊಂದಿದೆ. ಅದೇ ಇಂಡಿಯ ಹೆಸರಾಂತ ಲಿಂಬೆ. ೨೦೨೩ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಹಣ್ಣು. ಲಿಂಬೆಯ ಬೀಜವೊಂದನ್ನು ಬಿತ್ತಿದರೆ ಅನೇಕ ವೇಳೆ ಎರಡು ಮೂರು ಮೊಳಕೆಗಳು ಬರುವುದನ್ನು ತೋಟಿಗರು ಬಲ್ಲರು. ಅವುಗಳಲ್ಲಿ ಒಂದು ಪರಾಗ ಅಂಡಗಳ ಕೂಟದಿಂದ ಹುಟ್ಟಿದುದಿರಬಹುದು; ಉಳಿದವು ತಾಯಿಮರದ ಅಂಗಾಂಶದಿಂದಲೇ ಚಿಗುರಿದ ಭ್ರೂಣಗಳು. ಅಲ್ಲಿ ಅರ್ಧೀಕರಣವಿಲ್ಲ, ತಂದೆಯೂ ಇಲ್ಲ. ಆದುದರಿಂದಲೇ ಬೀಜದಿಂದ ಬೆಳೆದರೂ ಹೆಚ್ಚಿನ ಲಿಂಬೆಗಿಡಗಳು ತಾಯಿಯ ಪಡಿಯಚ್ಚಾಗಿರುತ್ತವೆ. ವಿಜಯಪುರದ ದ್ರಾಕ್ಷಿಯ ಕಡ್ಡಿ, ಕೃಷ್ಣೆಯ ದಂಡೆಯ ಕಬ್ಬಿನ ತುಂಡು ಇವೂ ಹಾಗೆಯೇ. ನೆಟ್ಟುದು ಯಾವುದೋ ಬಂದುದೂ ಅದೇ. ತೋಟಿಗನಿಗೆ ಇದು ವರ; ಆದರೆ ಹೊಸತು ಬೇಕೆಂದಾಗ ಅವನೂ ಹೂವಿನ ಬಾಗಿಲನ್ನೇ ತಟ್ಟಬೇಕು.

ತೊಟ್ಟಿಲಿನವರೆಗೆ

ಹೊಲದ ಮಾತನ್ನು ಮನೆಯೊಳಕ್ಕೆ ತಂದರೆ ನಿಯಮ ಬದಲಾಗದು. ಸಂಖ್ಯೆ ಮಾತ್ರ ದೊಡ್ಡದಾಗುತ್ತದೆ. ಮನುಷ್ಯನ ಕೋಶದಲ್ಲಿ ೪೬ ವರ್ಣತಂತುಗಳಿವೆಯೆಂಬುದು ಖಚಿತವಾದುದು ೧೯೫೬ರಲ್ಲಿ. ಜಾವಾದಲ್ಲಿ ಹುಟ್ಟಿದ ಜೋ ಹಿನ್ ಟ್ಜಿಯೋ ಮತ್ತು ಸ್ವೀಡನ್ನಿನ ಆಲ್ಬರ್ಟ್ ಲೆವಾನ್ ಅದನ್ನು ಪ್ರಕಟಿಸುವ ಮುನ್ನ ೪೮ ಎಂದೇ ಎಲ್ಲರೂ ನಂಬಿದ್ದರು. ೨೩ ಜೊತೆ ಎಂದರೆ ಒಬ್ಬ ತಂದೆಯಲ್ಲಿ ೮೩,೮೮,೬೦೮ ಬಗೆಯ ವೀರ್ಯಾಣುಗಳು, ಒಬ್ಬ ತಾಯಿಯಲ್ಲಿ ಅಷ್ಟೇ ಬಗೆಯ ಅಂಡಾಣುಗಳು ಸಾಧ್ಯ. ಅವು ಕೂಡುವ ಬಗೆಗಳು ಎಪ್ಪತ್ತು ಲಕ್ಷ ಕೋಟಿಯನ್ನು ಮೀರುತ್ತವೆ; ಅಡ್ಡಹಾಯುವಿಕೆಯನ್ನು ಲೆಕ್ಕಕ್ಕೆ ಹಿಡಿಯದೆಯೇ ಇಷ್ಟು! ಒಂದೇ ಮನೆಯಲ್ಲಿ ಅಣ್ಣನು ಎತ್ತರ, ತಮ್ಮನು ಕುಳ್ಳ. ಅಕ್ಕನಿಗೆ ಅಜ್ಜಿಯ ಗುಂಗುರು ಕೂದಲು, ತಂಗಿಗೆ ಸೋದರಮಾವನ ಮೂಗು. ಇದಕ್ಕೆ ಬೆರಗುಪಡಬೇಕಾದುದಿಲ್ಲ. ಒಂದೇ ಅಂಡದಿಂದ ಒಡೆದ ಅವಳಿಗಳನ್ನು ಬಿಟ್ಟರೆ ಇಬ್ಬರು ಮಕ್ಕಳು ಒಂದೇ ಅಚ್ಚಾಗಿ ಹುಟ್ಟಿದ್ದರೆ ಬೆರಗುಪಡಬೇಕಾಗಿತ್ತು.

ಇನ್ನೂ ಒಂದು ಸೋಜಿಗವುಂಟು. ಗಂಡಿನಲ್ಲಿ ಈ ಕ್ರಿಯೆ ಪ್ರಾಯಕ್ಕೆ ಬಂದ ಮೇಲೆ ಆರಂಭವಾಗುತ್ತದೆ. ಹೆಣ್ಣಿನಲ್ಲಿ ಅದು ಆಕೆ ಹುಟ್ಟುವ ಮುನ್ನವೇ, ತಾಯಿಯ ಗರ್ಭದಲ್ಲಿರುವಾಗಲೇ ಆರಂಭವಾಗಿ, ಅರ್ಧಕ್ಕೆ ನಿಂತು, ವರ್ಷಗಳ ಕಾಲ ಕಾದಿರುತ್ತದೆ. ಆದುದರಿಂದ ಇಂದು ತೊಟ್ಟಿಲಲ್ಲಿ ಮಲಗಿರುವ ಮಗುವಿನ ಅಂಡಾಣುವಿನ ಕಥೆ ಮೊದಲಾದುದು ಅದರ ತಾಯಿಯ ತಾಯಿಯ ಗರ್ಭದಲ್ಲಿ! ಅಷ್ಟು ದೀರ್ಘಕಾಲ ಕಾದು ನಿಂತ ಹಂಚಿಕೆಯಲ್ಲಿ ಕೆಲವೊಮ್ಮೆ ತಪ್ಪಾಗುವುದುಂಟು. ೨೧ನೆಯ ತಂತು ಒಂದರ ಬದಲು ಎರಡು ಹೋದರೆ ಮಗುವಿಗೆ ಮೂರು ದೊರೆಯುತ್ತವೆ. ಡೌನ್ ಸಿಂಡ್ರೋಮ್ ಎಂಬ ಸ್ಥಿತಿಗೆ ಇದೇ ಕಾರಣವೆಂಬುದನ್ನು ೧೯೫೯ರಲ್ಲಿ ಪ್ಯಾರಿಸ್ಸಿನಲ್ಲಿ ಜೆರೋಮ್ ಲೆಜನ್ ಮತ್ತು ಅವರ ಸಂಗಡಿಗರು ಪ್ರಕಟಿಸಿದರು. ತಾಯಿಯ ವಯಸ್ಸು ಹೆಚ್ಚಿದಂತೆ ಇದರ ಸಂಭವ ಹೆಚ್ಚುವುದಾದರೂ ಯಾವ ವಯಸ್ಸಿನ ತಾಯಿಗೂ ಇದು ಒದಗಬಹುದು. ಅದು ಯಾರ ಪಾಪದ ಫಲವೂ ಅಲ್ಲ, ಗ್ರಹಣದ ದೋಷವೂ ಅಲ್ಲ.

ಹಂಚಿಕೆಯ ಈ ಲೆಕ್ಕವನ್ನು ಅರಿಯದೆ ಎಷ್ಟು ಮನೆಗಳಲ್ಲಿ ಎಷ್ಟು ಕಣ್ಣೀರು ಹರಿದಿದೆ! ಮತ್ತೆ ಹೆಣ್ಣೇ ಹುಟ್ಟಿತೆಂದು ಬಾಣಂತಿಯನ್ನು ಮಾತಿನಿಂದ ಇರಿಯುವವರು ಇಂದಿಗೂ ಇದ್ದಾರೆ. ಜೊತೆಗಳಲ್ಲಿ ಲಿಂಗವನ್ನು ನಿರ್ಧರಿಸುವ ಜೊತೆಯೊಂದಿದೆ. ತಾಯಿಯಲ್ಲಿ ಆ ಜೊತೆಯ ಎರಡು ತಂತುಗಳೂ 'ಎಕ್ಸ್'. ತಂದೆಯಲ್ಲಿ ಒಂದು 'ಎಕ್ಸ್', ಒಂದು 'ವೈ'. ತಾಯಿಯ ಅಂಡದಲ್ಲಿ ಇರುವುದು ಯಾವಾಗಲೂ 'ಎಕ್ಸ್' ಮಾತ್ರ. ತಂದೆಯಿಂದ 'ವೈ' ಬಂದರೆ ಗಂಡು, 'ಎಕ್ಸ್' ಬಂದರೆ ಹೆಣ್ಣು. ೧೯೦೫ರಲ್ಲಿಯೇ ಅಮೆರಿಕದ ನೆಟ್ಟಿ ಸ್ಟೀವನ್ಸ್ ಎಂಬ ಮಹಿಳೆ ಹಿಟ್ಟಿನ ಹುಳುವಿನಲ್ಲಿ ಇದರ ಮೂಲಸೂತ್ರವನ್ನು ಕಂಡಿದ್ದರು. ಹೀಗಿರುವಾಗ ತಾಯಿಯ ಮೇಲೆ ಹೊರಿಸುವ ಆರೋಪಕ್ಕೆ ಆಧಾರವೆಲ್ಲಿ? ತಂದೆಯದಾದರೂ ತಪ್ಪೆನ್ನುವಂತಿಲ್ಲ, ನಾಣ್ಯ ಚಿಮ್ಮಿದಾಗ ಅದು ಯಾವ ಮಗ್ಗುಲಿಗೆ ಬಿದ್ದರೂ ಚಿಮ್ಮಿದವನ ತಪ್ಪೇನು?

ಮುಳವಾಡದ ಹೆಸರಿನ ಏತ ನೀರಾವರಿ ಯೋಜನೆ ಆಲಮಟ್ಟಿಯ ಹಿನ್ನೀರಿನಿಂದ ಕೃಷ್ಣೆಯನ್ನು ಎತ್ತರದ ಹೊಲಗಳಿಗೆ ತರುತ್ತಿದೆ. ನೀರು ಬಂದ ಕಡೆ ಕಬ್ಬು, ದ್ರಾಕ್ಷಿಗಳು ಬರುತ್ತಿವೆ. ಜೋಳದ ಸಾಲುಗಳು ಹಿಂದೆ ಸರಿಯುತ್ತಿವೆ. ಆದರೂ ಎಳ್ಳ ಅಮಾವಾಸ್ಯೆಯ ಚರಗಕ್ಕೆ ಜೋಳದ ಹೊಲವೇ ಬೇಕು. ಸುಗ್ಗಿಯಲ್ಲಿ ಹಿರಿಯಳೊಬ್ಬಳು ಒಂದು ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಹೊಟ್ಟನ್ನು ಊದಿ, ಉಳಿದ ಕಾಳನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ. ಎಲ್ಲವೂ ಬೆಳ್ಳಗೆ, ಎಲ್ಲವೂ ದುಂಡಗೆ. ಎಲ್ಲವನ್ನೂ ಅವಳು ಬೀಜದ ಗಡಿಗೆಗೆ ಸುರಿಯುತ್ತಾಳೆ. ಅವುಗಳ ನಡುವೆ ಮುಂದೊಂದು ಬರವನ್ನು ಗೆಲ್ಲಬಲ್ಲ ಕಾಳೊಂದು ಇದ್ದರೂ ಇರಬಹುದು.